ಬಂದರಿನ ಊರು ಬೇಡವೆಂದದ್ದಕ್ಕೆ

ಪ್ರೀತಿಯ ಅಕ್ಕಾ,

ಊರು ಆರಿಸಿದ್ದಾಯಿತು. ಬಂದರಿನ ಊರಿನವರು ಹೆಚ್ಚು ಸಂಬಳ ಕೊಡುತ್ತಿದ್ದರು, ನಿಜ. ಆದರೆ ಅಲ್ಲಿನ ಉಪ್ಪುಗಾಳಿಗೆ ಪಿಟೀಲಿನ ಅಂಟು ಬಿಟ್ಟುಕೊಳ್ಳುತ್ತದೆ. ರಿಪೇರಿ ಮಾಡಿದ್ದನ್ನೇ ಮತ್ತೆ ಮಾಡುತ್ತ ಕೂರುವ ವಯಸ್ಸಲ್ಲ ನನ್ನದು. ಅಲ್ಲಿ ಬೀದಿಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತುತ್ತವೆ ಎಂಬುದು ಬೇರೆ ಮಾತು.

ಹಾಗಾಗಿ ಈ ಹೊಳೆದಂಡೆಯ ಊರು. ಕೆಲಸದ ಕೋಣೆಗೆ ದಿನವಿಡೀ ಮೆತ್ತನೆಯ ಬೆಳಕು ಬರುತ್ತದೆ. ರಸ್ತೆಗಳು ಹಲಗೆಯಂತೆ ಸಮ. ನಿನ್ನೆ ಊರುಗೋಲು ಹಿಡಿದ ಹೆಂಗಸೊಬ್ಬರು ಬಸ್ಸಿನಿಂದ ನಿಧಾನವಾಗಿ ಇಳಿದರು. ಡ್ರೈವರ್ ಕಾದ, ಉಳಿದವರೂ ಕಾದರು, ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಇಳಿದ ಮೇಲೆ ಆಕೆ, "ಬಸ್ಸು ಬಹಳ ಕುಲುಕಿಸ್ತೀಯಪ್ಪ" ಎಂದು ಗದರಿದರು. "ನಾಳೆ ನೀವೇ ಓಡಿಸಿ ಅಮ್ಮಾ" ಎಂದ ಅವನು. ಎಲ್ಲರೂ ನಕ್ಕರು, ಆಕೆಯೂ. ಒಂದು ಊರು ಇಷ್ಟು ಸಹಜವಾಗಿ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಗದರಿದ ರೀತಿಗೆ ನಿನ್ನ ನೆನಪಾಯಿತು.

"ನನ್ನ ಕಾಲು ನೋಡಿ ಊರು ಆರಿಸಿದ್ರೆ ನಾನು ಬರೋದೇ ಇಲ್ಲ, ನೀನೇ ಬೇಯಿಸ್ಕೊಂಡು ತಿನ್ನು" ಎಂದಿದ್ದೆಯಲ್ಲ, ಹಾಗೇನೂ ಮಾಡಿಲ್ಲ. ಅಂಟಿನ ಸಲುವಾಗಿಯೇ ಆರಿಸಿದ್ದು. ಮನೆ ಕೂಡ ನೆಲಮಹಡಿಯಲ್ಲಿಲ್ಲ, ಮೊದಲನೆಯದರಲ್ಲಿದೆ, ಗಮನಿಸು. ನಿನ್ನ ಹೊಲಿಗೆ ಯಂತ್ರಕ್ಕೆ ಕಿಟಕಿ ಪಕ್ಕ ಜಾಗ ಬಿಟ್ಟಿದ್ದೇನೆ, ಅದನ್ನು ಮರೆಯದೆ ಲಾರಿಗೆ ಹಾಕಿಸು.

ಮೆಟ್ಟಿಲಿನ ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಇದೆ. ಅದು ನಾನು ಬರುವ ಮೊದಲೇ ಇತ್ತು. ಬಲಗಡೆಯದರ ಬಣ್ಣ ಇನ್ನೂ ಒಣಗಿಲ್ಲ, ಒಂದು ವಾರ ಬಿಟ್ಟು ಹೊರಟರೆ ಸಾಕು.

ನಿನ್ನ ದಾರಿ ನೋಡುವ,
ತಮ್ಮ