ಫೆತುವಿನ ಕಿತ್ತಳೆ ಡಬ್ಬಿ

ಮಾಂಗೆರೆ, ಆಕ್ಲೆಂಡ್
ಭಾನುವಾರ

ಅಮ್ಮಾ,

ನೀನಿರುವಲ್ಲಿಗೆ ಅಂಚೆಯಿಲ್ಲ. ಇದ್ದಿದ್ದರೂ ನಿನ್ನ ತಮ್ಮನ ಮೇಲಿನ ಚಾಡಿಯನ್ನು ನೀನು ಓದುತ್ತಿರಲಿಲ್ಲ ಬಿಡು.

ನಿನ್ನ ಮೊಮ್ಮಗ ಫೆತುವಿಗೆ ಇನ್ನೂ ವರ್ಷ ತುಂಬಿಲ್ಲ, ಆಗಲೇ ಎದೆಯಲ್ಲಿ ಸುಂಯ್‌ಗುಡುವ ಸಂಗೀತ. ದಿನವೂ ತಪ್ಪದೆ ಎಳೆಸಿದರೆ ಮಾತ್ರ ಉಬ್ಬಸ ಹತೋಟಿಗೆ ಬರುತ್ತದೆಂದು ಡಾಕ್ಟರು ಕಿತ್ತಳೆ ಬಣ್ಣದ ಸ್ಟೀರಾಯ್ಡ್ ಇನ್ಹೇಲರ್ ಡಬ್ಬಿ ಕೊಟ್ಟಿದ್ದಾರೆ. ಇವತ್ತು ಚರ್ಚಿಗೆ ಹೊರಡುವ ಮುಂಚೆ ಮಗುವಿನ ಮುಖಕ್ಕೆ ಮಾಸ್ಕ್ ಹಿಡಿದು ಒತ್ತಿದರೆ, ಮೊನ್ನೆ ಮೊನ್ನೆ ತಂದ ಡಬ್ಬಿ ಖಾಲಿ!

ಕಳ್ಳರು ಬೇರಾರೂ ಅಲ್ಲ, ಅಪೇಲು ಮಾವ. ಹಾಡಿನ ಅಭ್ಯಾಸಕ್ಕೆ ಮೊದಲು ತಾವೊಂದು ದಮ್ಮು ಎಳೆದು, ಚರ್ಚಿನ ಹಾಡುಗಾರರಿಗೆಲ್ಲ ಪ್ರಸಾದದಂತೆ ಹಂಚಿದ್ದಾರೆ. ರಾಗಕ್ಕೂ ರೋಗಕ್ಕೂ ಒಂದೇ ಮದ್ದು!

“ಮಾವ, ಅದು ನಿಮ್ಮ ಗಂಟಲಿಗಲ್ಲ, ಮಗು ಎದೆಗೆ!” ಎಂದೆ.

“ಅಷ್ಟೊಂದು ಮದ್ದು, ಇಷ್ಟೇ ಇಷ್ಟು ಎದೆ. ಮಿಕ್ಕಿದ್ದನ್ನ ಉಪ್ಪಿನಕಾಯಿ ಹಾಕ್ತೀಯೇನೇ?”

“ಇನ್ಮೇಲೆ ಯಾರಿಗೂ ಕೊಡಲ್ಲ.”

ನಮ್ಮ ಸಮೋವಾದವರಲ್ಲಿ ಕೇಳಿದ್ದನ್ನು ಕೊಡೆನೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಮಾವ ಮುಖ ಊದಿಸಿಕೊಂಡರು.

“ನಿಮ್ಮಮ್ಮನೂ ಉಬ್ಬಸದೋಳೇ. ಅವಳ ಡಬ್ಬೀಲಿ ನಾವೆಲ್ಲ ಎಳೀತಿದ್ವಿ. ಒಂದು ದಿನ ಇಲ್ಲ ಅಂದಿದ್ಲಾ?”

ಆಂಬುಲೆನ್ಸಿನಲ್ಲಿ ಕೊನೆಗೆ ನಿನ್ನ ಮುಷ್ಟಿಯಿಂದ ಬಿಡಿಸಿದ ಖಾಲಿ ಡಬ್ಬಿಯ ನೆನಪಾಯಿತು. ಮಗುವನ್ನೆತ್ತಿಕೊಂಡು ಚರ್ಚಿನ ಬದಲು ಔಷಧಿ ಅಂಗಡಿಗೆ ನಡೆದೆ.

ಹೊಸ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಿದ್ದೇನೆಂದು ನಿನಗೂ ಹೇಳುವುದಿಲ್ಲ. ಮಾವ ಬಂದು ಕೇಳಿದರೆ ನೀನು ಕೊಟ್ಟುಬಿಡುತ್ತೀ.