ಮನೆಗೆ ಬಿಟ್ಟ ಗಜ್ಜರಿ ಮಡಿ

ನೇತ್ರಾನ ಅಪ್ಪಾರಿಗೆ,

ಹುನಗುಂದದ ಬಸ್ಸಿಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ.

ಯೂರಿಯಾ ಹಾಕದೆ ನಮ್ಮ ಮನೆಗೆಂದು ಬಿಟ್ಟಿದ್ದ ಮಡಿಯ ಗಜ್ಜರಿಯನ್ನೆಲ್ಲ ಕಿತ್ತು ಪಕ್ಕದ ಮನೆಯ ಸಕ್ರವ್ವನಿಗೆ ಕೊಟ್ಟೆ. ನಿನ್ನೆ ಸಂತೆಯಲ್ಲಿ ಅವಳು ನಾವು ಮಾರಿದ ದಪ್ಪ ಗಜ್ಜರಿ ಹಿಡಿದು ನಿಂತಿದ್ದಳು. "ಅಕ್ಕಾರ, ನಿಮ್ಮ ಹೊಲದ್ದಂತ ಮೊಮ್ಮಗಳಿಗೆ ತಗೊಂಡೆ ನೋಡ್ರಿ. ಕೂಸಿನ ಕಣ್ಣಿಗೆ ಛಲೋ ಅಂದಾರ ಡಾಕ್ಟರ್" ಎಂದಳು. ಅದು ಯೂರಿಯಾಕ್ಕೆ ನೀರುಂಡು ಉಬ್ಬಿದ ಗಡ್ಡೆ, ಅದರಲ್ಲಿ ಸತ್ವ ಕಡಿಮೆ ಎಂಬುದು ನಮಗಿಬ್ಬರಿಗೂ ಗೊತ್ತು.

ಇವತ್ತು ನಮಗೂ ಸಂತೆಗೆಂದು ಚೀಲಕ್ಕೆ ತುಂಬಿದ ಗಜ್ಜರಿಯದೇ ಪಲ್ಯ ಮಾಡಿಟ್ಟಿದ್ದೇನೆ. "ಸಪ್ಪಗ ಐತಿ" ಎಂದು ತಾಟು ಸರಿಸಬೇಡಿ, ಪೂರ್ತಿ ಉಣ್ಣಿರಿ. ಉಂಡ ಮೇಲೂ ಮನಸ್ಸು ಒಪ್ಪಿದರೆ, ಬಾಗಿಲ ಹಿಂದಿನ ಯೂರಿಯಾ ಚೀಲ ಬಿಚ್ಚಿರಿ.

ಬಸವೇಶ್ವರಿ