ಜಂಬಣ್ಣ ಬೇಡವೆಂದ ಗಾಡಿ

3-2-2003
ಬಾಡಿಗೆ ಟೆಂಪೋದವನು ಇವತ್ತೂ ಕೈಕೊಟ್ಟ. ಹಡಗಲಿಯ ಮದುವೆಮನೆಗೆ ನಾವು ಬಡಿದ ಕಟಕ್ ರೊಟ್ಟಿ ಮುಟ್ಟುವಷ್ಟರಲ್ಲಿ ಎರಡನೇ ಪಂಕ್ತಿ ಎದ್ದಿತ್ತು. ಬೈಸಿಕೊಂಡೆ. ಸಾಕು, ಸ್ವಂತ ಗಾಡಿಯೇ ಬೇಕು. ಹೊಸದಕ್ಕೆ ಕೈ ಹಾಕುವಷ್ಟು ಹುಚ್ಚಿಲ್ಲ... ಸೆಕೆಂಡ್ ಹ್ಯಾಂಡ್. ಡೀಸೆಲ್ ಇರಬೇಕು, ಹಿಂದೆ ರೊಟ್ಟಿ ಡಬ್ಬಿ ಹಿಡಿಸಬೇಕು, ಸ್ಪೇರ್ ಹೊಸಪೇಟೆಯಲ್ಲೇ ಸಿಗಬೇಕು. ಮೈದುನ ಜಂಬಣ್ಣನಿಗೆ ಜೊತೆಗೆ ಬಾ ಅಂದಿದ್ದೇನೆ. ಇವರು ತೀರಿಹೋಗಿ ಎರಡು ವರ್ಷ, ಆಗಿನಿಂದ ಎಲ್ಲದಕ್ಕೂ ಅವನೇ.

9-2
ಹರಪನಹಳ್ಳಿಯಲ್ಲಿ ಎರಡು ನೋಡಿದೆವು. ಒಂದು ವ್ಯಾನ್. ಮೇಲೆ ಥಳಕು, ಕೆಳಗೆ ತುಕ್ಕು. "ಒಳಗ ಕುಂತ್ರ ರೋಡ್ ಕಾಣ್ತೈತಲ್ರಿ," ಅಂದೆ. ಮಾರುವವನಿಗೆ ಸಿಟ್ಟು ಬಂತು. ಇನ್ನೊಂದು ಜೀಪು. ಅದಕ್ಕೆ ಡೀಸೆಲ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬರಿಗೈಯಲ್ಲಿ ಕೊಟ್ಟೂರಿಗೆ ವಾಪಸ್.

14-2, ಮಧ್ಯಾಹ್ನ
ಸಿಕ್ಕಿತು! ಸಂತೆಯಲ್ಲಿ ಯಾರೋ ಹೇಳಿದ್ದು. ತಂಬ್ರಹಳ್ಳಿಯ ಗಾಳೆಪ್ಪನ ಎಸ್ಟೇಟ್ ಕಾರು. ಮುಂದೆ ಕಾರು, ಹಿಂದೆ ಉದ್ದಕ್ಕೆ ಜಾಗ. ಡೀಸೆಲ್. ಲೀಟರಿಗೆ ಹದಿನಾಲ್ಕು ಕೊಡುತ್ತದಂತೆ, ಹನ್ನೆರಡು ಕೊಟ್ಟರೂ ನಾನು ಗೆದ್ದೆ. ಗಾಳೆಪ್ಪ ದಾವಣಗೆರೆಯಲ್ಲಿ ಬಾಡಿಗೆ ಹೊಡೆಯುತ್ತಿದ್ದವನು, ಈಗ ಕಣ್ಣು ಮಂಜಾಗಿ ಊರು ಸೇರಿದ್ದಾನೆ. ರೇಟು ಎಷ್ಟು ಕಡಿಮೆ ಅಂದರೆ ನನಗೇ ಅನುಮಾನ.

ನಡುಸೀಟಿನ ಮೇಲೆ, ಚಾವಣಿಯಲ್ಲಿ, ಒಂದು ಕಬ್ಬಿಣದ ಕೊಂಡಿ.
"ಇದು ಎದಕ್ಕ?"
"ಬ್ಯಾಗ್ ಹಾಕಾಕ್ರಿ, ಅಮ್ಮಾ." ಮುಖ ನೋಡದೆ ಹೇಳಿದ.

ಜಂಬಣ್ಣ ಗಾಡಿ ಹತ್ತಲೇ ಇಲ್ಲ. ದೂರ ನಿಂತ. ಮುಖದಲ್ಲಿ ರಕ್ತವಿಲ್ಲ.
"ಈ ಗಾಡಿ ಬ್ಯಾಡ, ಅತ್ತಿಗಿ."
"ಯಾಕೋ?"
"ಬ್ಯಾಡಂದ್ರ ಬ್ಯಾಡ."

15-2
ನಿನ್ನೆ ಆ ನಡುಸೀಟಿನಲ್ಲಿ ಕುಳಿತಾಗ ಎಡಭುಜಕ್ಕೆ ಯಾರೋ ಒರಗಿದ ಹಾಗಾಯಿತು. ಹೇಳಿದರೆ ನಗುತ್ತಾರೆ. ಇವತ್ತೂ ಭುಜ ಭಾರ. ರೊಟ್ಟಿ ಬಡಿಯಲು ಆಗಲಿಲ್ಲ. ಭಯವಾಗುತ್ತಿದೆ, ಆದರೂ ಇನ್ನೊಮ್ಮೆ ಕೂರಬೇಕು ಅನ್ನಿಸುತ್ತಿದೆ.

27-2
ಜಂಬಣ್ಣ ಮನೆಯ ಕಡೆ ತಲೆ ಹಾಕಿಲ್ಲ. ಒಬ್ಬಳೇ ತಂಬ್ರಹಳ್ಳಿಗೆ ಹೋದೆ. ಸುತ್ತಿ ಬಳಸದೆ ಕೇಳಿದೆ: "ಹೆಣ ಹೊತ್ತೈತೇನು ಈ ಗಾಡಿ?"

ಗಾಳೆಪ್ಪ ಸುಳ್ಳು ಹೇಳಲಿಲ್ಲ. ದಾವಣಗೆರೆಯಿಂದ ಎಷ್ಟೋ ಜನರನ್ನು ಊರು ಮುಟ್ಟಿಸಿದ್ದಾನೆ. ನಮ್ಮ ಜನದಲ್ಲಿ ಹೆಣವನ್ನು ಮಲಗಿಸಿ ಮಣ್ಣು ಮಾಡುವುದಿಲ್ಲವಲ್ಲ, ಕೂಡಿಸಿಯೇ. ಮೈ ಸೆಟೆಯುವ ಮೊದಲೇ ಕೂಡಿಸಬೇಕು, ಹಣೆಗೆ ಬಟ್ಟೆ ಕಟ್ಟಿ ಮೇಲಕ್ಕೆ ಬಿಗಿಯಬೇಕು. ಅದಕ್ಕೇ ಆ ಕೊಂಡಿ.

"ನಿಮ್ ಜೋಡಿ ಬಂದಿದ್ರಲ್ರಿ, ದನಿ ಮ್ಯಾಲೆ ಗುರ್ತು ಹಿಡದ್ನಿ... ಅವ್ರ ಅಣ್ಣನ್ನೂ ಇದ್ರಾಗಽ ತಂದೀನ್ರಿ."

ಅಣ್ಣ. ಅಂದರೆ ಇವರು. ಆವತ್ತು ಬಾಗಿಲಿಗೆ ಬಂದ ಗಾಡಿ ಯಾವುದೆಂದು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದೇ ದಿನ, ಸಂಜೆ
ಬಸ್ಸಿಳಿದು ನೇರ ಜಂಬಣ್ಣನ ಮನೆಗೆ. ಬಾಗಿಲಲ್ಲೇ ನಿಂತು ಕೇಳಿದೆ. ಅವನು ಕಟ್ಟೆಯ ಮೇಲೆ ಕುಸಿದ.

"ಇನ್ನ ಆಗಂಗಿಲ್ಲ, ಮನಿಗಿ ಒಯ್ರಿ ಅಂದಿದ್ರು ಡಾಕ್ಟ್ರು. ದಾರ್ಯಾಗ ತೆಲಿಗಿ ಊರ ಹತ್ರ ಉಸಿರು ನಿಂತ್ತು. ನಿಂತ್ತು ಅಂದ್ಕಂಡ್ನಿ. ಸೆಟದ್ರ ಹೆಂಗ ಕೂಡ್ಸೋದು ಅಂತ ಕೂಡ್ಸಿ ಕಟ್ಟಿದ್ನಿ. ನನ್ ಕೈಲೇ. ಹರಪನಹಳ್ಳಿ ದಾಟಿದ ಮ್ಯಾಲೆ..."
"ದಾಟಿದ ಮ್ಯಾಲೆ?"
"ಕಣ್ಣು ಬಿಟ್ಟ. 'ಮನಿ ಬಂತೇನೋ?' ಅಂದ."
"ನೀ ಏನಂದಿ?"
"ಬಂತು ಅಂದ್ನಿ. ಗಂಟು ಬಿಚ್ಚಾಕ ಬರ್ಲಿಲ್ಲ, ಅತ್ತಿಗಿ. ಅಷ್ಟ್ರಾಗ ಮತ್ತ ಕಣ್ಣು ಮುಚ್ಚಿದ."

ಆಸ್ಪತ್ರೆಯಲ್ಲೇ ಹೋದರು, ಮಾತಾಡಲಿಲ್ಲ ಎಂದಿದ್ದರು ನನಗೆ. ನಂಬಿದ್ದೆ. ಹೊಡೆಯಲೆಂದೇ ಕೈ ಎತ್ತಿದೆ. ಅವನು ತಲೆ ಬಗ್ಗಿಸಿ ಕೊಟ್ಟ. ಹೊಡೆಯಲಾಗಲಿಲ್ಲ.

20-3
ಗಾಡಿ ತಗೊಂಡೆ. ರೊಟ್ಟಿ ಬಡಿಯುವವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಹೆಣ ಹೊತ್ತ ಗಾಡಿಯಲ್ಲಿ ಬಂದ ರೊಟ್ಟಿಯನ್ನು ಯಾವ ಮದುವೆಮನೆ ಮುಟ್ಟುತ್ತದೆ? ಗೊತ್ತು. ಟೆಂಪೋದವನಿಗೆ ಮತ್ತೆ ಹೇಳಿಕಳಿಸಿದ್ದೇನೆ. ಜಿಪುಣಿ ಅಂತ ಹೆಸರಾದವಳು ನಾನು. ಇದೊಂದು ಶುದ್ಧ ನಷ್ಟದ ವ್ಯಾಪಾರ. ಆದರೆ ಇವರು ಇನ್ನೂ ಹರಪನಹಳ್ಳಿ ದಾರಿಯಲ್ಲೇ ಇದ್ದಾರಲ್ಲ... ಬೇರೆಯವರಿಗೆ ಹೇಗೆ ಬಿಡಲಿ?

21-3, ಸಂಜೆ ಏಳು
ಜಂಬಣ್ಣನೇ ಗಾಡಿ ಹೊಡೆಯಬೇಕು ಅಂದೆ. ಕೀಲಿ ತಗೊಂಡು ಹತ್ತಿದ. ಹರಪನಹಳ್ಳಿಯವರೆಗೆ ಹೋಗಿ ತಿರುಗಿದೆವು. ನಡುಸೀಟಿನಲ್ಲಿ ನಾನು, ಪಕ್ಕದ ಜಾಗ ಬಿಟ್ಟು. ಕನ್ನಡಿಯಲ್ಲಿ ಅವನು ಒಮ್ಮೆಯೂ ಹಿಂದೆ ನೋಡಲಿಲ್ಲ.

ಮನೆಯ ಮುಂದೆ ನಿಲ್ಲಿಸಿದ. ನಾನು ಇಳಿದು, ಸುತ್ತಿ ಬಂದು, ಆ ಕಡೆಯ ಬಾಗಿಲು ತೆರೆದೆ.
"ಈಗ ಬಂತ್ರಿ ಮನಿ. ಇಳೀರಿ."

ಜಂಬಣ್ಣ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತ. ಅಳಲಿ ಎಂದು ಬಿಟ್ಟೆ. ಆಮೇಲೆ ನಡೆದುಕೊಂಡೇ ಹೋದ. ಗಾಡಿಯ ಬಾಗಿಲು ನಾನು ಮುಚ್ಚಿಲ್ಲ. ಇವರು ಬಸ್ಸಿನಿಂದಲೂ ಎಲ್ಲರೂ ಇಳಿದ ಮೇಲೆಯೇ ಇಳಿಯುತ್ತಿದ್ದರು. ಎಷ್ಟು ಜಗಳವಾಡಿದ್ದೇನೆ ಅದಕ್ಕೆ! ಇವತ್ತು ಆಡುವುದಿಲ್ಲ. ಕಿಟಕಿಯ ಹತ್ತಿರವೇ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಗಾಳಿಯಿಲ್ಲ. ಗಾಡಿ ಒಂದಿಷ್ಟು ವಾಲಿತು, ಯಾರೋ ಕಾಲು ಕೆಳಗಿಟ್ಟ—